ಕ್ಲಚ್ ಇಲ್ಲದ ಕಾರಿಗೂ ಮೇಷ್ಟ್ರು ಬೇಕಾ? ಐದು ಬೆಳಗಿನ ಆಟೋಮ್ಯಾಟಿಕ್ ಕ್ಲಾಸಿನ ಬಗ್ಗೆ

ಬೇಕು. ನನ್ನ ಅನುಭವದಲ್ಲಿ ಖಂಡಿತ ಬೇಕು. ಯಾಕೆ ಅಂತ ಹೇಳುತ್ತೇನೆ.

ನಾನು 16 ವರ್ಷ ಗೇರಿನ ಕಾರು ಓಡಿಸಿದವಳು. ಎಡ ಮಂಡಿ ನೋವು ಜಾಸ್ತಿಯಾಗಿ ಡಾಕ್ಟರು ಕ್ಲಚ್ ತುಳಿಯೋದು ಕಡಿಮೆ ಮಾಡಿ ಅಂದಮೇಲೆ ಕಳೆದ ವರ್ಷ ಆಟೋಮ್ಯಾಟಿಕ್ ಕೊಂಡೆವು. ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಇಂಜಿನ್ನಿನ ಶಕ್ತಿ ದಾಟಿಸುವ ಭಾಗ) ಇರುವ ಕಾರು, 6 ಗೇರು. ಡೆಲಿವರಿ ದಿನ ಶೋರೂಮಿನ ಹುಡುಗ ಹತ್ತು ನಿಮಿಷ ಹೇಳಿಕೊಟ್ಟ. ಅದರಲ್ಲಿ ಮುಕ್ಕಾಲು ಭಾಗ ಫೋನನ್ನು ಸ್ಕ್ರೀನಿಗೆ ಜೋಡಿಸೋದಕ್ಕೇ ಹೋಯಿತು. ಓಡಿಸೋದರ ಬಗ್ಗೆ ಹೇಳಿದ್ದು ಒಂದೇ ಮಾತು: "ಡಿ ಹಾಕಿ ಹೋಗ್ತಾ ಇರಿ ಮೇಡಂ, ನಿಲ್ಲಿಸಿದ ಮೇಲೆ ಪಿ ಹಾಕಿ." ಡಿ ಅಂದರೆ ಡ್ರೈವ್, ಪಿ ಅಂದರೆ ಪಾರ್ಕ್.

ಮೂರನೇ ವಾರ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವಾಗ ಮುಂದಿನ ಚಕ್ರಕ್ಕೆ ಏನೋ ತಡೆದ ಹಾಗಾಯಿತು. ಜಾಗದ ಗಡಿಗೆ ಹಾಕಿದ್ದ ಸಣ್ಣ ಸಿಮೆಂಟ್ ದಿಬ್ಬ. ದಾಟಲಿ ಅಂತ ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ. ಹತ್ತಲಿಲ್ಲ. ಇನ್ನೂ ಸ್ವಲ್ಪ ಒತ್ತಿದೆ. ದಿಬ್ಬ ದಾಟಿದ ಕ್ಷಣ ಕಾರು ಹಾರಿತು, ನನ್ನ ಎಡಗಾಲು ಹಳೆ ಅಭ್ಯಾಸಕ್ಕೆ ಕ್ಲಚ್ ಹುಡುಕಿಕೊಂಡು ಹೋಯಿತು, ಅಲ್ಲಿ ಕ್ಲಚ್ ಇಲ್ಲ, ಬಲಗಾಲು ಇದ್ದಲ್ಲೇ ಇತ್ತು, ಅಷ್ಟರಲ್ಲಿ ಬಂಪರ್ ಕಂಬಕ್ಕೆ ಬಡಿದಿತ್ತು. ಒಂದು ಬಂಪರ್, ಒಂದು ಹೆಡ್‌ಲೈಟ್. ದುಡ್ಡು ಹೋದರೆ ಹೋಗಲಿ. ಅದೇ ಕಂಬದ ಸುತ್ತ ಸಂಜೆ ಹೊತ್ತು ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅವತ್ತು ಮಧ್ಯಾಹ್ನ ಆದ್ದರಿಂದ ಯಾರೂ ಇರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಕ್ಕದ ಬ್ಲಾಕಿನವರೊಬ್ಬರು ಈ ಮೇಷ್ಟ್ರ ನಂಬರ್ ಕೊಟ್ಟರು. ಬಿಎಂಟಿಸಿಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು. ಮನೆಗೇ ಬಂದು ನಮ್ಮ ಕಾರಿನಲ್ಲೇ ಕಲಿಸುತ್ತಾರೆ. ಐದು ಕ್ಲಾಸು, ದಿನಕ್ಕೆ ಒಂದು ಗಂಟೆ, 3,500 ರೂಪಾಯಿ. ಒಬ್ಬರೇ ಕಲಿಸೋದು, ಈಗಲೇ ಕೈತುಂಬ ಕೆಲಸ ಇದೆ, ಹೆಸರು ನಂಬರ್ ಎಲ್ಲೂ ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ. ಹಾಗಾಗಿ ಹಾಕುತ್ತಿಲ್ಲ. ಆದರೆ ಏನು ಕಲಿಸಿದರು ಅಂತ ಬರೆಯೋದಕ್ಕೆ ಅವರ ಅಡ್ಡಿ ಇಲ್ಲ.

2006ರಲ್ಲಿ ಬೆಂಗಳೂರಿಗೆ ವಜ್ರ ವೋಲ್ವೋ ಬಸ್ಸು ಬಂತಲ್ವಾ, ಆ ಬಸ್ಸುಗಳನ್ನು ಅವರು ವರ್ಷಗಟ್ಟಲೆ ಓಡಿಸಿದ್ದಾರೆ. ಅವು ಆಟೋಮ್ಯಾಟಿಕ್. ಗೇರ್ ಲಿವರ್ ಬದಲು ಡಿ, ಎನ್ (ನ್ಯೂಟ್ರಲ್), ಆರ್ (ರಿವರ್ಸ್) ಅಂತ ಬಟನ್ ಇರುತ್ತವೆ. "ಅದರಲ್ಲಿ ಪಿ ಅನ್ನೋದೇ ಇರಲಿಲ್ಲ ಅಮ್ಮ. ಹ್ಯಾಂಡ್ ಬ್ರೇಕೇ ನಮಗೆ ಎಲ್ಲ. ನಿಮ್ಮ ಕಾರಿನಲ್ಲಿ ಪಿ ಇದೆ, ಅದಕ್ಕೇ ನೀವು ಹ್ಯಾಂಡ್ ಬ್ರೇಕ್ ಮರೆತಿದ್ದೀರಿ." ಮೊದಲ ದಿನ ಕಾರು ಹತ್ತುವ ಮುಂಚೆಯೇ ಹೇಳಿದ ಮಾತು ಇದು. ನಾನು ನಿಜವಾಗಿಯೂ ಮೂರು ವಾರ ಹ್ಯಾಂಡ್ ಬ್ರೇಕ್ ಮುಟ್ಟಿರಲಿಲ್ಲ.

ಮೊದಲ ಕ್ಲಾಸಿನಲ್ಲಿ ಅರ್ಧ ಗಂಟೆ ಕಾರು ಸ್ಟಾರ್ಟೇ ಮಾಡಲಿಲ್ಲ. ಚಪ್ಪಲಿ ನೋಡಿದರು, ಹಿಂದೆ ಪಟ್ಟಿ ಇಲ್ಲದ್ದು ಬೇಡ ಅಂದರು. ಡ್ರೈವರ್ ಸೀಟಿನ ಕೆಳಗೆ ಉರುಳುತ್ತಿದ್ದ ನೀರಿನ ಬಾಟಲಿ ತೆಗೆಸಿದರು, ಅದು ಬ್ರೇಕಿನ ಅಡಿಗೆ ಹೋದರೆ ಗತಿ ಏನು ಅಂತ. ಎಡಗಾಲನ್ನು ಪೂರ್ತಿ ಎಡಕ್ಕೆ, ಕಾಲಿಡೋದಕ್ಕೆ ಅಂತಲೇ ಇರುವ ಪಟ್ಟಿಯ ಮೇಲೆ ಇಡಿಸಿದರು. "ಈ ಕಾಲಿಗೆ ಇವತ್ತಿಂದ ರಜೆ." ಬಲಗಾಲಿನ ಹಿಮ್ಮಡಿ ಬ್ರೇಕಿನ ಎದುರಿಗೆ ಊರಬೇಕು, ಅಲ್ಲಿಂದ ಪಾದ ಮಾತ್ರ ಬಲಕ್ಕೆ ತಿರುಗಿ ಆಕ್ಸಿಲರೇಟರ್ ಮುಟ್ಟಬೇಕು, ಹಿಮ್ಮಡಿ ಎತ್ತಬಾರದು. ಗಾಬರಿಯಾದಾಗ ಪಾದ ತಾನಾಗಿ ನೇರಕ್ಕೆ ಬಂದರೆ ಕೆಳಗೆ ಬ್ರೇಕ್ ಇರುತ್ತೆ. ಇದನ್ನು ಐವತ್ತು ಸಲ ಮಾಡಿಸಿದರು, ಇಂಜಿನ್ ಆಫ್ ಇರುವಾಗಲೇ.

ಎಡಗಾಲಿನಲ್ಲಿ ಬ್ರೇಕ್ ಒತ್ತಬಾರದು ಅನ್ನೋದಕ್ಕೂ ಕಾರಣ ಹೇಳಿದರು. ನಮ್ಮ ಎಡಗಾಲಿಗೆ ಗೊತ್ತಿರೋದು ಕ್ಲಚ್ ಮಾತ್ರ, ಕ್ಲಚ್ಚನ್ನು ಪೂರ್ತಿ ನೆಲಕ್ಕೆ ತುಳಿದೇ ಅಭ್ಯಾಸ. ಅದೇ ಜೋರಿನಲ್ಲಿ ಬ್ರೇಕ್ ತುಳಿದರೆ ಹಿಂದಿನ ಬೈಕಿನವನು ನಮ್ಮ ಡಿಕ್ಕಿಗೆ ಬಂದು ಗುದ್ದುತ್ತಾನೆ.

ಎರಡನೇ ದಿನ ಬರೀ ತೆವಳೋದು. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಡಿ ಹಾಕಿ ಬ್ರೇಕ್ ಬಿಟ್ಟರೆ ಕಾರು ತಾನಾಗಿಯೇ ಮುಂದೆ ಹೋಗುತ್ತೆ. ಆರ್ ಹಾಕಿದರೆ ಹಿಂದಕ್ಕೂ ಹಾಗೆಯೇ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆ ಸುತ್ತುತ್ತಾ ಇರುತ್ತೆ, ಆ ಎಣ್ಣೆಯೇ ಚಕ್ರವನ್ನು ತಳ್ಳುತ್ತಾ ಇರುತ್ತೆ. ಅಂದರೆ ಈ ಕಾರು ನಿಂತಿರೋದು ನಾವು ಬ್ರೇಕ್ ಹಿಡಿದಿರುವುದರಿಂದ ಮಾತ್ರ. ಮೇಷ್ಟ್ರ ನಿಯಮ ಒಂದೇ: ಪಾರ್ಕಿಂಗ್ ಜಾಗದಲ್ಲಿ ಆಕ್ಸಿಲರೇಟರ್ ಇಲ್ಲ. ಬ್ರೇಕನ್ನು ಸಡಿಲಿಸುತ್ತಾ ಬಿಗಿ ಮಾಡುತ್ತಾ ಅಷ್ಟರಲ್ಲೇ ಕಾರನ್ನು ಒಳಗೆ ಸೇರಿಸಬೇಕು. ಚಕ್ರಕ್ಕೆ ಏನಾದರೂ ತಡೆದರೆ ನಿಲ್ಲಿಸಿ ಇಳಿದು ನೋಡಬೇಕು. ಒತ್ತಬಾರದು. ನನಗೆ ಆ ಸಿಮೆಂಟ್ ದಿಬ್ಬ ಕಣ್ಣ ಮುಂದೆ ಬಂತು.

ಮೂರನೇ ದಿನದ ಪಾಠಕ್ಕೇ ಪೂರ್ತಿ 3,500 ಕೊಡಬಹುದು ಅನಿಸಿತು ನನಗೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಬೆಳಗ್ಗೆ ಆರಕ್ಕೆ ಕಾರು ನಿಲ್ಲಿಸಿಸಿ, "ಈಗ ನೀವು ದಿನಾ ಹೇಗೆ ಪಾರ್ಕ್ ಮಾಡ್ತೀರೋ ಹಾಗೆ ಮಾಡಿ" ಅಂದರು. ಬ್ರೇಕ್ ಹಿಡಿದು ಪಿ ಹಾಕಿ ಕಾಲು ತೆಗೆದೆ. ಕಾರು ಒಂದು ಗೇಣು ಹಿಂದಕ್ಕೆ ಜರುಗಿ ಟಕ್ ಅಂತ ನಿಂತಿತು. "ಈಗ ಪಿ ಇಂದ ತೆಗೀರಿ" ಅಂದರು. ಲಿವರ್ ಬಿಗಿಯಾಗಿತ್ತು, ಎಳೆದಾಗ ಕೆಳಗಿನಿಂದ ಧಡ್ ಅಂತ ಸದ್ದು ಬಂತು.

ಪಿ ಅಂದರೆ ಬ್ರೇಕ್ ಅಲ್ಲ. ಗೇರ್‌ಬಾಕ್ಸಿನೊಳಗೆ ಹಲ್ಲಿರುವ ಒಂದು ಚಕ್ರ ಇದೆ, ಪಿ ಹಾಕಿದಾಗ ಬೆರಳಿನಷ್ಟು ದಪ್ಪದ ಒಂದು ಕೊಕ್ಕೆ ಬಂದು ಆ ಹಲ್ಲಿನ ನಡುವೆ ಕೂರುತ್ತೆ. ಬಾಗಿಲಿಗೆ ಚಿಲಕ ಹಾಕಿದ ಹಾಗೆ. ಏರಿನಲ್ಲಿ ಬರೀ ಪಿ ಹಾಕಿ ಕಾಲು ತೆಗೆದರೆ ಇಡೀ ಕಾರಿನ ಭಾರ ಆ ಕೊಕ್ಕೆಯ ಮೇಲೆ ಬೀಳುತ್ತೆ. ನಾನು ಕೇಳಿದ ಸದ್ದು ಅದರದ್ದು. ಹಿಂದಿನಿಂದ ಯಾರಾದರೂ ಗುದ್ದಿದರೂ ಪೆಟ್ಟು ಆ ಕೊಕ್ಕೆಗೇ.

ಸರಿಯಾದ ಕ್ರಮ ಹೀಗೆ. ಕಾರು ಪೂರ್ತಿ ನಿಲ್ಲಲಿ, ಬ್ರೇಕ್ ಒತ್ತಿಯೇ ಇರಿ. ಲಿವರ್ ಎನ್‌ಗೆ ತನ್ನಿ. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆಯಿರಿ. ಈಗ ಬ್ರೇಕಿನ ಮೇಲಿನ ಕಾಲನ್ನು ನಿಧಾನವಾಗಿ ಸಡಿಲಿಸಿ. ಕಾರು ಒಂದಿಷ್ಟು ಅಲುಗಾಡಿ ಹ್ಯಾಂಡ್ ಬ್ರೇಕಿನ ಮೇಲೆ ಕೂರುತ್ತೆ, ಅದು ಕೂತದ್ದು ಸೀಟಿನಲ್ಲೇ ಗೊತ್ತಾಗುತ್ತೆ. ಮತ್ತೆ ಬ್ರೇಕ್ ಒತ್ತಿ, ಆಮೇಲೆ ಪಿ, ಆಮೇಲೆ ಇಂಜಿನ್ ಆಫ್. ಹೊರಡುವಾಗ ಬ್ರೇಕ್ ಒತ್ತಿ ಮೊದಲು ಪಿ ಇಂದ ತೆಗೆದು, ಹ್ಯಾಂಡ್ ಬ್ರೇಕ್ ಕೊನೆಗೆ ಇಳಿಸಬೇಕು. ಓದೋದಕ್ಕೆ ಉದ್ದ ಅನಿಸುತ್ತೆ, ಮಾಡೋದಕ್ಕೆ ಐದು ಸೆಕೆಂಡ್ ಸಾಕು. ಎರಡನೇ ಸಲ ಈ ಕ್ರಮದಲ್ಲಿ ಮಾಡಿದಾಗ ಲಿವರ್ ಬೆಣ್ಣೆಯಲ್ಲಿ ಜಾರಿದ ಹಾಗೆ ಬಂತು. ಸದ್ದೇ ಇಲ್ಲ.

ಇಳಿಜಾರಿನಲ್ಲಿ ನಿಲ್ಲಿಸುವಾಗ ಸ್ಟೀರಿಂಗ್ ಫುಟ್‌ಪಾತಿನ ಕಡೆ ತಿರುಗಿಸಿಡಿ ಅಂದರು, ಅಕಸ್ಮಾತ್ ಜಾರಿದರೆ ರಸ್ತೆಗೆ ಹೋಗದೆ ಕಲ್ಲಂಚಿಗೆ ತಾಗಿ ನಿಲ್ಲಲಿ ಅಂತ. ತೀರಾ ಕಡಿದಾದ ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಡೋದಕ್ಕೆ ನಾಚಿಕೆ ಪಡಬೇಡಿ ಅಂತಲೂ ಹೇಳಿದರು. ಲಾರಿಯವರು ಇವತ್ತಿಗೂ ಕೊಡುತ್ತಾರೆ ಅಲ್ವಾ.

ಎಎಂಟಿ ಕಾರಿನವರಿಗೆ ಒಂದು ಮಾತು, ಯಾಕೆಂದರೆ ನಮ್ಮಲ್ಲಿ ತುಂಬ ಜನರ ಹತ್ತಿರ ಅದು ಇದೆ. 2014ರಲ್ಲಿ ಮಾರುತಿಯ ಸೆಲೆರಿಯೋ ಕಾರು ಬಂದಮೇಲೆ ಕಡಿಮೆ ದುಡ್ಡಿಗೂ ಆಟೋಮ್ಯಾಟಿಕ್ ಸಿಗುವ ಹಾಗಾಯಿತು. ಆದರೆ ಎಎಂಟಿ ಒಳಗೆ ಇರೋದು ಮಾಮೂಲಿ ಕ್ಲಚ್ಚೇ, ಅದನ್ನು ನಮ್ಮ ಬದಲು ಯಂತ್ರ ಒತ್ತುತ್ತೆ ಅಷ್ಟೇ. ಬಹಳಷ್ಟು ಎಎಂಟಿ ಕಾರುಗಳಲ್ಲಿ ಪಿ ಇಲ್ಲವೇ ಇಲ್ಲ. ಅವುಗಳಲ್ಲಿ ಎನ್ ಹಾಕಿ ಆಫ್ ಮಾಡಿದರೆ ಕಾರನ್ನು ಹಿಡಿದಿರೋದು ಹ್ಯಾಂಡ್ ಬ್ರೇಕ್ ಒಂದೇ. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟು ಆಫ್ ಮಾಡೋದು ಹೇಗೆ ಅಂತ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತೆ, ದಯವಿಟ್ಟು ಆ ಪುಟ ಓದಿ. ಇನ್ನೊಂದು, ಸಿಗ್ನಲ್ಲಿನ ಏರಿನಲ್ಲಿ ಕಾರು ಹಿಂದೆ ಜಾರದಿರಲಿ ಅಂತ ಆಕ್ಸಿಲರೇಟರ್ ಒತ್ತಿ ಹಿಡಿಯಬೇಡಿ. ಕ್ಲಚ್ ಸುಟ್ಟುಹೋಗುತ್ತೆ. ಡಿಸಿಟಿ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಕಾರಿನಲ್ಲೂ ಹೀಗೆ ಮಾಡಿದರೆ ಕ್ಲಚ್ ಬಿಸಿಯಾಗುತ್ತೆ. ಬ್ರೇಕ್ ಹಿಡಿಯಿರಿ.

ನಾಲ್ಕನೇ ದಿನ ನಮ್ಮ ಅಮ್ಮನ ಮನೆಗೆ ಹೋದೆವು. ಅಲ್ಲಿ ಗೇಟಿನ ಮುಂದೆ ಏರು. ನಾನು ಬ್ರೇಕ್ ಹಿಡಿದು ಎನ್ ಹಾಕಿ, ಇಂಜಿನ್ ಆನ್ ಇಟ್ಟೇ ಗೇಟ್ ತೆಗೆಯೋದಕ್ಕೆ ಬಾಗಿಲು ತೆರೆದೆ. ಐದು ದಿನದಲ್ಲಿ ಅವರು ದನಿ ಎತ್ತರಿಸಿದ್ದು ಅದೊಂದೇ ಸಲ. "ಇಳೀಬೇಡಿ!" ಗೇಟ್ ತೆಗೆಯೋದು ಅರ್ಧ ನಿಮಿಷದ ಕೆಲಸ ಅಂತ ಎಲ್ಲರೂ ಹೀಗೇ ಇಳಿಯುತ್ತಾರೆ, ಕಾರಿಗೂ ಗೇಟಿಗೂ ನಡುವೆ ನಿಲ್ಲುತ್ತಾರೆ, ಅದಕ್ಕಿಂತ ಅಪಾಯದ ಜಾಗ ಇನ್ನೊಂದಿಲ್ಲ ಅಂದರು.

ಮನೆಗೆ ಬಂದು ಈ ಬಗ್ಗೆ ಓದಿದೆ. ಹಾಲಿವುಡ್ ನಟ ಆ್ಯಂಟನ್ ಯೆಲ್ಚಿನ್ 2016ರ ಜೂನ್‌ನಲ್ಲಿ ತೀರಿಕೊಂಡದ್ದು ಹೀಗೇ. ಲಾಸ್ ಏಂಜಲೀಸಿನ ತಮ್ಮ ಮನೆಯ ಇಳಿಜಾರು ದಾರಿಯಲ್ಲಿ ಕಾರಿನಿಂದ ಇಳಿದಿದ್ದರು. ಅವರದೇ ಜೀಪ್ ಗ್ರ್ಯಾಂಡ್ ಚೆರೋಕಿ ಹಿಂದಕ್ಕೆ ಉರುಳಿ ಅವರನ್ನು ಗೇಟಿನ ಹತ್ತಿರ ಅಮುಕಿತು. 27 ವರ್ಷ. ಆ ಮಾದರಿಯ ಕಾರುಗಳಲ್ಲಿ ಗೇರ್ ಲಿವರ್ ಎಲೆಕ್ಟ್ರಾನಿಕ್, ಯಾವ ಗೇರು ಹಾಕಿದರೂ ಲಿವರ್ ಮತ್ತೆ ನಡುವಿಗೇ ಬಂದು ನಿಲ್ಲುತ್ತಿತ್ತು. ಪಿ ಬಿತ್ತೋ ಇಲ್ಲವೋ ಅಂತ ಕೈಗೆ ಗೊತ್ತಾಗುತ್ತಿರಲಿಲ್ಲ. ಕಂಪನಿ ಅದಕ್ಕೆ ಎರಡು ತಿಂಗಳ ಮುಂಚೆಯಷ್ಟೇ, ಇದೇ ಲಿವರಿನ ಕಾರಣಕ್ಕೆ, ಜಗತ್ತಿನಾದ್ಯಂತ 11 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆದಿತ್ತು. ಈಗ ನಮ್ಮಲ್ಲೂ ಗುಂಡಿ ತಿರುಗಿಸುವ, ಬಟನ್ ಒತ್ತುವ ಗೇರುಗಳು ಬರುತ್ತಿವೆ. ಅಂಥ ಕಾರಿದ್ದರೆ ಕೈಯನ್ನು ನಂಬಬೇಡಿ, ಮೀಟರಿನಲ್ಲಿ ಪಿ ಅಂತ ಕಣ್ಣಿಗೆ ಕಾಣಿಸಿದ ಮೇಲೆಯೇ ಬಾಗಿಲು ತೆಗೆಯಿರಿ.

ನನ್ನ ಬೇಸ್‌ಮೆಂಟಿನ ಕಥೆಯೂ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿಯೇ ನುಗ್ಗುತ್ತವೆ ಅಂತ ದೊಡ್ಡ ಗಲಾಟೆಯಾಗಿತ್ತು. ಅಲ್ಲಿನ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಪರೀಕ್ಷೆ ಮಾಡಿ 1989ರಲ್ಲಿ ಕೊಟ್ಟ ವರದಿಯ ಪ್ರಕಾರ ಹೆಚ್ಚಿನವು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದದ್ದು. ಬ್ರೇಕ್ ಒತ್ತದೆ ಲಿವರ್ ಪಿ ಇಂದ ಕದಲದ ಹಾಗೆ ಬೀಗ ಬಂದದ್ದು ಆ ಕಾಲದಲ್ಲೇ. ಇವತ್ತು ನಮ್ಮ ಕಾರಿನಲ್ಲೂ ಅದು ಇದೆ.

ಕೊನೆ ದಿನ ಬಗೆಬಗೆಯ ಸಣ್ಣ ವಿಷಯ. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಯುತ್ತೆ ಅಂತ ಎನ್ ಹಾಕಬೇಡಿ, ಗೇರು ನಾವೇ ಬದಲಿಸುವ ಮ್ಯಾನುಯಲ್ ಮೋಡ್‌ಗೆ ತಂದು ಎರಡನೇ ಗೇರಿಗೆ ಇಳಿಸಿ, ಇಂಜಿನ್ನೇ ಕಾರನ್ನು ಹಿಡಿಯುತ್ತೆ, ಬ್ರೇಕ್ ಬಿಸಿಯಾಗೋದಿಲ್ಲ. ಡಿ ಇಂದ ಆರ್‌ಗೆ ಹೋಗುವಾಗ ಕಾರು ಪೂರ್ತಿ ನಿಂತಿರಬೇಕು. ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡೋದು ಇದರಲ್ಲಿ ಆಗೋದಿಲ್ಲ. ಇನ್ನೊಂದು ನಮ್ಮ ಊರಿನದೇ ವಿಷಯ. ಕಲ್ಯಾಣ ಮಂಟಪಕ್ಕೆ ಹೋದರೆ ಸೆಕ್ಯೂರಿಟಿಯವರು "ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಿ, ನಾವು ತಳ್ಕೋತೀವಿ" ಅಂತಾರಲ್ಲ, ಆಗ ಏನು ಮಾಡಬೇಕು? ಆಗಲ್ಲ ಅಂತ ಹೇಳಿ, ಬೇರೆ ಜಾಗ ನೋಡಿ ಅಂದರು. ನೆಲ ಕಣ್ಣಿಗೆ ಸಮ ಕಂಡರೂ ಸಮ ಇರೋದಿಲ್ಲ, ಸುಮ್ನೆ ಯಾರದೋ ಕಾಲಿನ ಮೇಲೆ ಹೋಗೋದು ಬೇಡ.

ಇಷ್ಟವಾಗದ್ದೂ ಇದೆ. ಕ್ಲಾಸು ಬೆಳಗ್ಗೆ ಆರರಿಂದ ಏಳೂವರೆ ಒಳಗೆ ಮಾತ್ರ, ಹಾಗಾಗಿ ನಿಜವಾದ ಟ್ರಾಫಿಕ್ಕಿನಲ್ಲಿ ಒಂದು ದಿನವೂ ಓಡಿಸಲಿಲ್ಲ. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ಕಲಿಸಿದ್ದರೆ ಎಷ್ಟು ಉಪಯೋಗ ಆಗುತ್ತಿತ್ತು. ಎರಡು ದಿನ ಇಪ್ಪತ್ತು ನಿಮಿಷ ತಡವಾಗಿ ಬಂದರು, ಆ ಸಮಯ ಸರಿದೂಗಿಸಲಿಲ್ಲ. ಏನನ್ನೂ ಬರೆದು ಕೊಡೋದಿಲ್ಲ, ನಾನೇ ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕಾಯಿತು. ಬಟನ್ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಕಾರು, ಎಲೆಕ್ಟ್ರಿಕ್ ಕಾರು ಅವರಿಗೆ ಅಷ್ಟು ಪರಿಚಯ ಇಲ್ಲ, ಅದನ್ನು ಅವರೇ ಮೊದಲು ಹೇಳಿಬಿಡುತ್ತಾರೆ. ಅಂಥ ಕಾರಿನವರು ಬೇರೆಯವರನ್ನು ನೋಡಿಕೊಳ್ಳಿ. ಹೊಸದಾಗಿ ಡ್ರೈವಿಂಗ್ ಕಲಿಯುವವರಿಗೂ ಈ ಐದು ಕ್ಲಾಸು ಸಾಲದು. ಗೇರಿನ ಕಾರು ಬಿಟ್ಟು ಬಂದ ನನ್ನಂಥವರಿಗೆ ಸರಿಯಾಗಿದೆ.

ನಿಮ್ಮ ಏರಿಯಾದಲ್ಲಿ ಯಾರನ್ನಾದರೂ ಹುಡುಕುವಾಗ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: "ಏರಿನಲ್ಲಿ ಪಾರ್ಕ್ ಮಾಡುವಾಗ ಮೊದಲು ಪಿ ಹಾಕಬೇಕಾ, ಹ್ಯಾಂಡ್ ಬ್ರೇಕ್ ಹಾಕಬೇಕಾ?" ಯಾವುದು ಮೊದಲು ಹಾಕಿದರೂ ಒಂದೇ ಅಂದರೆ ಅವರು ಬೇಡ. ನಾನು ಇನ್ನಿಬ್ಬರಿಗೆ ಫೋನ್ ಮಾಡಿದ್ದೆ, ಇಬ್ಬರೂ ಹಾಗೇ ಅಂದರು.

ಐದನೇ ಕ್ಲಾಸು ಮುಗಿದದ್ದು ನಮ್ಮ ಬೇಸ್‌ಮೆಂಟಿನಲ್ಲಿ, ಅದೇ ಕಂಬದ ಪಕ್ಕ. ನನ್ನ ಕಾರಿನ ಬಿಳಿ ಬಣ್ಣ ಅದರ ಮೇಲೆ ಇನ್ನೂ ಇದೆ. ಮೇಷ್ಟ್ರು ಮೊದಲೇ ಇಳಿದು ಲಿಫ್ಟಿನ ಹತ್ತಿರ ದೂರ ನಿಂತರು, ಕೈ ಸನ್ನೆ ಕೂಡ ಮಾಡಲಿಲ್ಲ. ಬ್ರೇಕ್ ಸಡಿಲಿಸಿ, ಬಿಗಿ ಮಾಡಿ, ಸಡಿಲಿಸಿ, ದಿಬ್ಬಕ್ಕೆ ಒಂದು ಅಡಿ ಇರುವಾಗಲೇ ನಿಲ್ಲಿಸಿದೆ. ಎನ್. ಹ್ಯಾಂಡ್ ಬ್ರೇಕ್. ಕಾರು ಕೂತಿತು. ಬ್ರೇಕ್, ಪಿ, ಆಫ್. ಅವರು ಬಂದು ಕಿಟಕಿಯಿಂದ ಹ್ಯಾಂಡ್ ಬ್ರೇಕಿನ ಕಡೆ ಒಮ್ಮೆ ಬಗ್ಗಿ ನೋಡಿ, "ಸರಿ ಅಮ್ಮ, ಬರ್ತೀನಿ" ಅಂದರು. ಮುಂದಿನ ತಿಂಗಳು ನನ್ನ ಗಂಡನಿಗೂ ಐದು ಬೆಳಗ್ಗೆ ಕೇಳಿಟ್ಟಿದ್ದೇನೆ.