ಅಪರೂಪದ ಬಳಕೆಗೆ ಬಟ್ಟೆ ಡೈಪರ್: ಮಡಿಸುವ ಚೌಕವೋ, ಪಾಕೆಟ್ ಮಾದರಿಯೋ?

ಬಳಸಿ ಬಿಸಾಡುವ ಡೈಪರ್ ಮುಗಿದುಹೋದ ದಿನಕ್ಕೆಂದು ಮಾತ್ರ ಬಟ್ಟೆಯದನ್ನು ಇಟ್ಟುಕೊಳ್ಳುವವರು, ಅದು ಎಷ್ಟು ಹೀರುತ್ತದೆ ಎಂಬುದಕ್ಕಿಂತ ಮೊದಲು, ಕಪಾಟಿನಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆಯೇ, ಮಗು ಬೆಳೆದ ಮೇಲೂ ಅಳತೆಗೆ ಸರಿಹೋಗುತ್ತದೆಯೇ ಎಂಬುದನ್ನು ನೋಡಬೇಕು.

ಈ ಎರಡೂ ದೃಷ್ಟಿಯಿಂದ ನನ್ನ ಆಯ್ಕೆ ಮಡಿಸಿ ಕಟ್ಟುವ ಹತ್ತಿಯ ಚೌಕ ಬಟ್ಟೆ. ಅದರಲ್ಲಿ ಸಡಿಲವಾಗುವ ಇಲಾಸ್ಟಿಕ್ ಇಲ್ಲ; ಮಡಿಕೆ ಬದಲಿಸಿದರೆ ಅಳತೆಯೂ ಬದಲಾಗುತ್ತದೆ; ಒಗೆದು ಹರವಿದಾಗ ಒಂದೇ ಪದರವಾಗುವುದರಿಂದ ಬೇಗ ಒಣಗುತ್ತದೆ. ಸೋರದಂತೆ ಮೇಲೊಂದು ಹೊದಿಕೆ ಬೇಕೇ ಬೇಕು, ಆದರೆ ಮಲ ತಾಗದಿದ್ದರೆ ಅದನ್ನು ಒರೆಸಿ, ಆರಿಸಿ ಮತ್ತೆ ಬಳಸಬಹುದು. ಮಡಿಸುವುದಕ್ಕೆ ಮಾತ್ರ ಕೈ ಪಳಗಬೇಕು, ಮತ್ತು ಮಗು ಹೊರಳಾಡುವ ವಯಸ್ಸಿನಲ್ಲಿ ಅದು ನಿಜಕ್ಕೂ ಕಷ್ಟ.

ಮಗುವನ್ನು ಬೇರೆಯವರೂ ನೋಡಿಕೊಳ್ಳುವುದಾದರೆ, ಹೊರಕವಚದ ಜೇಬಿನೊಳಗೆ ಹೀರುವ ಪಟ್ಟಿ ತೂರಿಸಿ, ಗುಂಡಿ ಒತ್ತಿ ತೊಡಿಸುವ ಪಾಕೆಟ್ ಮಾದರಿಯೇ ಸಲೀಸು. ಆದರೆ ಪ್ರತಿ ಸಲವೂ ಅದನ್ನು ಪೂರ್ತಿಯಾಗಿ ಒಗೆಯಬೇಕು. ಒಳಪಟ್ಟಿ ಕೃತಕ ನೂಲಿನ ಬಟ್ಟೆಯಾದ ಮೈಕ್ರೋಫೈಬರ್‌ನದಾದರೆ ಅದು ಚರ್ಮಕ್ಕೆ ನೇರವಾಗಿ ತಾಗಬಾರದು. ಎಲ್ಲ ಪದರಗಳನ್ನೂ ಒಟ್ಟಿಗೆ ಹೊಲಿದ ಮಾದರಿ ಒಣಗಲು ಬಹಳ ಹೊತ್ತು ಹಿಡಿಯುತ್ತದೆ.

ಹೊಸ ಹತ್ತಿ ಮೊದಮೊದಲು ಸರಿಯಾಗಿ ಹೀರುವುದಿಲ್ಲವಾದ್ದರಿಂದ, ತಂದ ಕೂಡಲೇ ಹಲವು ಸಲ ಒಗೆದು, ಚೆನ್ನಾಗಿ ಒಣಗಿಸಿ ಎತ್ತಿಡಿ.