ಮನೆ ಹಗುರಾಗಲಿಕ್ಕೆ 33,900 ಕೊಟ್ಟವಳ ಎರಡು ವರ್ಷದ ಲೆಕ್ಕ

ದುಡ್ಡಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಕೇಳಿದವರೆಲ್ಲ ಮೊದಲು ಕೇಳುವುದು ಅದನ್ನೇ. ಬೇಡದ ಸಾಮಾನು ತೆಗೆಸಿ ಮನೆ ಜೋಡಿಸಿಕೊಡುವುದನ್ನೇ ವೃತ್ತಿ ಮಾಡಿಕೊಂಡ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬರು, ಜೊತೆಗೊಬ್ಬ ಸಹಾಯಕಿ. ದಿನಕ್ಕೆ 4,500 ರೂಪಾಯಿಯಂತೆ ಆರು ದಿನ. ಡಬ್ಬಿ, ಬುಟ್ಟಿ, ಫೈಲು, ಲೇಬಲ್ಲು ಅಂತ ಮತ್ತೆ 6,900. ಒಟ್ಟು 33,900. ಕೆಲಸ ನಡೆದದ್ದು 2023ರ ಸೆಪ್ಟೆಂಬರ್ ಕೊನೆಯಲ್ಲಿ. ಮೂರನೇ ದಿನಕ್ಕೇ ಓಣಿಯಲ್ಲಿ ಸುದ್ದಿ: "ಇವರ ಮನಿ ಕಸಾ ಹೊಡಿಯಾಕ ಹುಬ್ಬಳ್ಳಿಯಿಂದ ಮಂದಿ ಬರ್ತಾರಂತ."

ನಮ್ಮದು ಧಾರವಾಡದ ಮಾಳಮಡ್ಡಿಯ ಹಳೆಯ ಹಂಚಿನ ಮನೆ. ಅತ್ತೆಗೆ ಆಗ 77. ಮಾವನವರು ಹೈಸ್ಕೂಲಿನ ಹೆಡ್‌ಮಾಸ್ತರರಾಗಿದ್ದವರು, 2019ರಲ್ಲಿ ತೀರಿಕೊಂಡರು. ಅವರು ಹೋದರೂ ಅವರ ಸಾಮಾನು ಹೋಗಿರಲಿಲ್ಲ. ಅಟ್ಟ ತುಂಬಿ ನಾಗೊಂದಿಗೆ, ಅಂದರೆ ಗೋಡೆಯ ಹಲಗೆಗೆ, ಇಳಿದಿತ್ತು, ನಾಗೊಂದಿ ತುಂಬಿ ಮಂಚದ ಕೆಳಗೆ, ಅದೂ ತುಂಬಿದ ಮೇಲೆ ಪಡಸಾಲೆಯ ಮೂಲೆಗೆ. ಹಾಗಂತ ಹೊಲಸು ಮನೆಯಲ್ಲ. ವರ್ಷಾ ಮಾನೌಮಿಗೆ ಎಲ್ಲ ಕೆಳಗಿಳಿಸಿ, ಹಾಸಿಗೆ-ಕೌದಿ ಒಗೆದು, ಹಿತ್ತಾಳೆ-ತಾಮ್ರಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಜೇಡರಬಲೆ ಹೊಡೆದು, ಎಲ್ಲವನ್ನೂ ಮತ್ತೆ ಇದ್ದಲ್ಲೇ ಇಡುತ್ತಿದ್ದೆವು. ಇಪ್ಪತ್ತಾರು ವರ್ಷ ನಾನು ಈ ಮನೆಯಲ್ಲಿ ಮಾಡಿದ್ದು ಅದನ್ನೇ. ಒಂದು ಸಾಮಾನೂ ಹೊಸ್ತಿಲು ದಾಟಿದ ನೆನಪಿಲ್ಲ.

ಅಟ್ಟದ ಬಗ್ಗೆ ಮಾತೆತ್ತಿದರೆ ಮಾವನವರದೊಂದು ಸಿದ್ಧ ಉತ್ತರವಿತ್ತು. ಧಾರವಾಡದಲ್ಲಿ ಅಟ್ಟ ಅಂದರೆ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಪುಸ್ತಕ ಪ್ರಕಾಶನ ಸಂಸ್ಥೆ, ಬೇಂದ್ರೆ, ಕುರ್ತಕೋಟಿ, ಕಾರ್ನಾಡರೆಲ್ಲ ಮೆಟ್ಟಿಲು ಹತ್ತಿದ ಜಾಗ. "ಅಟ್ಟದಾಗ ಏನೇನ ಹುಟ್ಟೈತಿ ಗೊತ್ತೈತೇನು ನಿನಗ?" ಅನ್ನುತ್ತಿದ್ದರು. ನಮ್ಮ ಅಟ್ಟದಲ್ಲಿ ಹುಟ್ಟಿದ್ದು ಇಲಿಮರಿ ಮಾತ್ರ.

ಇನ್ನು ಆ ಹೆಣ್ಣುಮಗಳ ಕೆಲಸದ ರೀತಿ. ಮೊದಲ ಸಲ ಬಂದಾಗ ಕೈಯಲ್ಲಿ ಒಂದು ವಹಿ ಮಾತ್ರ. ಎರಡು ತಾಸು ಮನೆಯೆಲ್ಲ ತಿರುಗಿ ನೋಡಿ, ಕೇಳಿ, ಬರೆದುಕೊಂಡರು. ನಾನು ಉತ್ಸಾಹದಲ್ಲಿ ಹನ್ನೆರಡು ಪ್ಲಾಸ್ಟಿಕ್ ಡಬ್ಬಿ ತಂದಿಟ್ಟಿದ್ದೆ. ವಾಪಸ್ ಕಳಿಸಿದರು. ಏನು ಉಳಿಯುತ್ತದೆ ಅಂತ ತಿಳಿಯುವ ಮೊದಲೇ ಡಬ್ಬಿ ಕೊಂಡರೆ ಡಬ್ಬಿಯೇ ಒಂದು ಸಾಮಾನಾಗುತ್ತದೆ ಅಂತ. ಈ ಒಂದು ಮಾತಿಗೇ ಐನೂರು ರೂಪಾಯಿ ಕೊಡಬಹುದಿತ್ತು. ಆಮೇಲೆ ಕೋಣೆ ಕೋಣೆ ಅಂತ ಹಿಡಿಯಲಿಲ್ಲ, ಜಾತಿ ಜಾತಿಯಾಗಿ ಹಿಡಿದರು. ಮನೆಯಲ್ಲಿದ್ದ ಅಷ್ಟೂ ಬಟ್ಟೆ ಒಂದೇ ಕಡೆ, ಅಷ್ಟೂ ಪಾತ್ರೆ ಒಂದೇ ಕಡೆ, ಅಷ್ಟೂ ಕಾಗದ ಒಂದೇ ಕಡೆ. ಮಾವನವರ ಕೋಟು, ಫೋಟೋ, ಪತ್ರಗಳು ಕೊನೆಯ ದಿನಕ್ಕೆ. ಬೇರೆ ಬೇರೆ ಕಡೆ ಇದ್ದಾಗ ನಾಲ್ಕೆಂದುಕೊಂಡ ಇಕ್ಕಳ ಒಂದೇ ಕಡೆ ಬಿದ್ದಾಗ ಹದಿಮೂರು.

ಪಡಸಾಲೆಯಲ್ಲಿ ನಾಲ್ಕು ಚಾದರ ಹಾಸಿದರು: ಇರಲಿ, ಕೊಡೋಣ, ಮಾರೋಣ, ಎಸೆಯೋಣ. ಅತ್ತೆ ತಾವೇ ಹೋಗಿ ಐದನೆಯದೊಂದು ಹಾಸಿದರು. "ಇದು ನೋಡೂಣು." ಮೊದಲ ದಿನ ಸಂಜೆ ಎಲ್ಲಕ್ಕಿಂತ ಎತ್ತರ ಆ ಗುಡ್ಡೆಯೇ. ಆ ಹೆಣ್ಣುಮಗಳು ವಾದ ಮಾಡಲಿಲ್ಲ. 'ನೋಡೂಣು' ಎಲ್ಲವನ್ನೂ ಏಳು ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ತಾರೀಖು ಬರೆದು ಅಟ್ಟಕ್ಕೆ ಏರಿಸಿದರು. ವರ್ಷದೊಳಗೆ ತೆರೆಯದ ಪೆಟ್ಟಿಗೆ ಮನೆಯಲ್ಲಿ ಇದ್ದರೂ ಒಂದೇ ಇರದಿದ್ದರೂ ಒಂದೇ ಅಂತ ಲೆಕ್ಕ. ಮೂರು ತೆರೆದೆವು. ತೆರೆಯದ ನಾಲ್ಕರಲ್ಲಿ ಎರಡು ಹೋದವು, ಎರಡು ಇನ್ನೂ ಇವೆ. ಅದರಲ್ಲೇನಿದೆ ಅಂತ ಈಗ ಯಾರಿಗೂ ನೆನಪಿಲ್ಲ, ಆದರೂ ಕೊಡಲು ಅತ್ತೆಗೆ ಮನಸ್ಸಿಲ್ಲ.

ನನಗೆ ಆರು ದಿನದಲ್ಲಿ ತಿಳಿದದ್ದು ಇಷ್ಟು: ಮನೆ ಜೋಡಿಸುವವರನ್ನು ಕರೆಯಬೇಕಾದದ್ದು ಕೈ ಕೆಲಸಕ್ಕಲ್ಲ, ಅವರು ಹೊರಗಿನವರು ಅನ್ನುವುದಕ್ಕೆ. ನಮ್ಮಲ್ಲಿ ಸಾಮಾನಿಗೆ ಬೆಲೆಗಿಂತ ಸಂಬಂಧ ಹೆಚ್ಚು. ಈ ಬೋಗಾಣಿ ನಾದಿನಿಯ ಮದುವೆಯದು, ಹೆಸರು ಕೆತ್ತಿಸಿದ್ದು. ಆ ತಂಬಿಗೆ ಅತ್ತೆಯ ತವರಿನದು. ನಾನು "ಇದು ಯಾಕ ಬೇಕ್ರಿ?" ಅಂದರೆ ಸೊಸೆ ಅತ್ತೆಯ ತವರಿಗೆ ಅಂದಂತಾಗುತ್ತದೆ. ನನ್ನ ಗಂಡ ಹಾಗೆ ಕೇಳಿದರೆ ಮಗ ಅಪ್ಪನನ್ನು ಮರೆತಂತೆ. ಆ ಹೆಣ್ಣುಮಗಳು ಯಾರಿಗೂ ಏನೂ ಆಗಬೇಕಾದವರಲ್ಲ. ಅದೇ ಪ್ರಶ್ನೆ ಇವರು ಕೇಳಿದರೆ ಬರೀ ಪ್ರಶ್ನೆ. ಅತ್ತೆ ಒಂದೊಂದರ ಕಥೆ ಹೇಳುತ್ತ ಹೋದರು, ಕಥೆ ಮುಗಿದ ಮೇಲೆ ಅರ್ಧ ಸಾಮಾನನ್ನು ತಾವೇ ಎತ್ತಿ 'ಕೊಡೋಣ'ಕ್ಕೆ ಹಾಕಿದರು. ನಾನು ಚಹಾ ಮಾಡಿಕೊಡುವುದು ಬಿಟ್ಟು ಬೇರೇನೂ ಮಾಡಬೇಕಾಗಲಿಲ್ಲ.

ಎಲ್ಲಕ್ಕಿಂತ ಚಂದ ಕೂತದ್ದು ಜಂಪರ್ ಪೀಸಿನ, ಅಂದರೆ ರವಿಕೆ ಕಣದ, ಪೆಟ್ಟಿಗೆ. ಎಣಿಸಿದರೆ 138. ಉಡಿ ತುಂಬಿದಾಗ, ಮನೆ ಶಾಂತಿಗೆ, ಕುಬಸಕ್ಕೆ, ಮದುವೆಯ ಆಯೇರಿಗೆ ಅಂತ ಬಂದವು. ಜೊತೆಗೆ ಗಂಡಸರಿಗೆ ಬಂದ ಟೋಪಿ-ಟಾವೆಲ್ಲಿನ ಕಟ್ಟು ಬೇರೆ. ಯಾರೂ ಹೊಲಿಸುವುದಿಲ್ಲ, ಮುಂದಿನ ಮನೆಗೆ ದಾಟಿಸುತ್ತಾರೆ. ನಾವೇ ಕೊಟ್ಟ ಹಸಿರು ಪೀಸೊಂದು ಊರೆಲ್ಲ ತಿರುಗಿ ನಮ್ಮ ಉಡಿಗೇ ಬಂದದ್ದನ್ನು ಅತ್ತೆ ಅಂಚು ನೋಡಿ ಗುರುತು ಹಿಡಿದರು. ಇವನ್ನು ಕೊಟ್ಟುಬಿಡಿ ಅಂತ ಆ ಹೆಣ್ಣುಮಗಳು ಹೇಳಲಿಲ್ಲ. ಇದು ನಿಮ್ಮ ಚಲಾವಣೆಯ ನಾಣ್ಯ, ಒಂದೇ ಕಡೆ ಇಡೋಣ ಅಂದರು. ಒಳ್ಳೆಯವು ಅರವತ್ತು ಉಳಿದವು. ಪ್ರತಿಯೊಂದಕ್ಕೂ ಒಂದು ಚೀಟಿ: ಯಾರು ಕೊಟ್ಟದ್ದು, ಯಾವ ಕಾರ್ಯದಲ್ಲಿ. ಕೊಟ್ಟವರಿಗೇ ತಿರುಗಿ ಕೊಡುವ ಅವಮಾನ ತಪ್ಪಿತು. ಎರಡು ವರ್ಷದಿಂದ ಈ ಪೆಟ್ಟಿಗೆ ಒಂದು ದಿನವೂ ಕೆಟ್ಟಿಲ್ಲ.

ಅವರು ಸಂಪೂರ್ಣ ಸೋತದ್ದು ನೀರಿನ ಕೊಡಗಳ ಮುಂದೆ. ಬಚ್ಚಲು, ಹಿತ್ತಲು ಸೇರಿ ಹನ್ನೊಂದು ಕೊಡ, ಮೂರು ಬ್ಯಾರಲ್ಲು, ಒಂದು ತಾಮ್ರದ ಹಂಡೆ. ವಹಿಯಲ್ಲಿ 'ಹೆಚ್ಚುವರಿ' ಅಂತ ಬರೆದುಕೊಂಡದ್ದನ್ನು ಅತ್ತೆ ನೋಡಿದರು.

"ಯವ್ವಾ, ನಿಮ್ಮ ಮನ್ಯಾಗ ನಳಾ ಎಷ್ಟ ದಿನಕ್ಕೊಮ್ಮೆ ಬರ್ತೈತಿ?"

"ನಮ್ಮ ಕಡೆ ಇಪ್ಪತ್ನಾಲ್ಕು ತಾಸೂ ಇರ್ತೈತ್ರಿ ಅಮ್ಮಾರ."

"ಹಂಗಾರ ಕೊಡಾ ನಿನಗ ಬ್ಯಾಡ. ನಮಗ ಬೇಕು."

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರಲ್ಲೇ ಪ್ರಾಯೋಗಿಕವಾಗಿ ದಿನವಿಡೀ ನೀರು ಬಂತು. ಅವರ ಮನೆ ಅಂಥದೊಂದು ವಾರ್ಡಿನಲ್ಲಿ. ನಮ್ಮ ಓಣಿಗೆ ಮಲಪ್ರಭೆ ಐದಾರು ದಿನಕ್ಕೊಮ್ಮೆ ಬರುತ್ತಾಳೆ, ಅದೂ ಹೊತ್ತಲ್ಲದ ಹೊತ್ತಿಗೆ. ಆಗ ಎರಡೂ ಊರಿಗೆ ಒಂದೇ ಮಹಾನಗರಪಾಲಿಕೆ, ಆದರೆ ಅಲ್ಲಿ ಹೆಚ್ಚುವರಿ ಅನಿಸಿದ್ದು ಇಲ್ಲಿ ಜೀವನ. ಅವರ ಪುಣ್ಯಕ್ಕೆ ತಪ್ಪು ಒಪ್ಪಿಕೊಂಡರು, 'ಹೆಚ್ಚುವರಿ' ಹೊಡೆದು ಹಾಕಿದರು, ಕೊಡಗಳಿಗೆ ಹಿತ್ತಲ ಗೋಡೆಗುಂಟ ಎರಡಂತಸ್ತಿನ ಕಬ್ಬಿಣದ ಸ್ಟ್ಯಾಂಡು ಮಾಡಿಸಿಕೊಳ್ಳಲು ಹೇಳಿದರು. ಅದು ಚಲೋ ಆಯಿತು.

ಹಳೆಯ ಸೀರೆಗಳ ವಿಷಯದಲ್ಲೂ ಹೀಗೇ. ದಾನ ಕೊಡೋಣ ಅಂತ ಅವರು ಕಟ್ಟಿದ್ದ ಗಂಟನ್ನು ಅತ್ತೆ ಬಿಚ್ಚಿದರು. ಮೆತ್ತಗಾದ ನೂಲಿನ ಸೀರೆ ಕೊಡುವಂಥದಲ್ಲ, ಕೌದಿ ಹೊಲಿಸುವಂಥದು. ಹೊಲಿಯುವವಳನ್ನು ಕರೆಸಿ ಇಪ್ಪತ್ತೆರಡು ಸೀರೆಗೆ ನಾಲ್ಕು ಕೌದಿ ಮಾಡಿಸಿದೆವು. ಎರಡು ಪುಣೆಯ ಮಗಳಿಗೆ ಹೋದವು. ಪಾಲಿಯೆಸ್ಟರ್ ಸೀರೆ ಕೌದಿಗೆ ಬರುವುದಿಲ್ಲ, ಜಾರುತ್ತದೆ. ಅವನ್ನು ಹಳೆ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಹಾಕಿದೆವು. ಅಲ್ಲೇ ಎಡವಿದ್ದು. ಬಟ್ಟೆ ಹೋಗಿ ಮೂರು ಸ್ಟೀಲ್ ಬುಟ್ಟಿ ಒಳಗೆ ಬಂದವು. ಇಷ್ಟು ವರ್ಷ ಮನೆ ಯಾಕೆ ಖಾಲಿಯಾಗಲಿಲ್ಲ ಅಂತ ಆವತ್ತು ತಿಳಿಯಿತು.

ಅಡುಗೆಮನೆಯಲ್ಲಿ ನನಗೆ ದೂರಿದೆ. ಎಲ್ಲ ಪಾರದರ್ಶಕ ಗಾಳಿಯಾಡದ ಡಬ್ಬಿ, ಒಂದೇ ಅಳತೆ, ಸಾಲಾಗಿ. ನೋಡಲು ಬಹಳ ಚಂದ. ಗಿರಣಿಯಿಂದ ತಂದ ಜೋಳದ ಹಿಟ್ಟನ್ನು ಬಿಸಿ ಇರುವಾಗಲೇ ಸಹಾಯಕಿ ತುಂಬಿ ಬಿಗಿಯಾಗಿ ಮುಚ್ಚಿದಳು. ಒಳಗೆಲ್ಲ ಬೆವರಿ ವಾರದಲ್ಲಿ ಗಂಟುಕಟ್ಟಿ ಮುಗ್ಗಲು ವಾಸನೆ. ಎಂಟು ಕಿಲೋ ಹಿಟ್ಟು ದನಕ್ಕೆ ಹೋಯಿತು. ಹಿಟ್ಟು ಹರವಿ ಆರಿಸಿ ತುಂಬಬೇಕೆಂಬುದು ರೊಟ್ಟಿ ತಿನ್ನುವ ಯಾವ ಮನೆಯಲ್ಲೂ ಗೊತ್ತಿರುವ ಮಾತು. ಲೇಬಲ್ಲುಗಳೂ ಮೊದಲು ಇಂಗ್ಲಿಷಿನಲ್ಲಿದ್ದವು, ಅತ್ತೆ ಮುಚ್ಚಳ ತೆಗೆದು ಮೂಸಿ ನೋಡಿಯೇ ಬಳಸುತ್ತಿದ್ದರು. ಕನ್ನಡದಲ್ಲಿ ಬರೆಸಿದರೆ ಗುರೆಳ್ಳು ಹಿಂಡಿಯ ಮೇಲೆ 'ಎಳ್ಳು ಪುಡಿ' ಅಂತ ಬಂತು. ಕಡೆಗೆ ಅತ್ತೆಯೇ ಪೆನ್ನು ಹಿಡಿದರು. ಈಗ ಡಬ್ಬಿಗಳ ಮೇಲೆ ಅವರ ನಾಲ್ಕನೇ ಇಯತ್ತೆಯ ಅಕ್ಷರ: ಅಗಸಿ, ಗುರೆಳ್ಳು, ಶೇಂಗಾ ಹಿಂಡಿ, ಪುಟಾಣಿ. ಜೋಳದ ಹಿಟ್ಟು ಮಾತ್ರ ತನ್ನ ಹಳೆಯ ಸ್ಟೀಲ್ ಡಬ್ಬಿಗೆ ಮರಳಿದೆ.

ಕಾಗದಪತ್ರದ ದಿನಕ್ಕೆ ಕೊಟ್ಟ 4,500 ಸಾರ್ಥಕ. ಖರೀದಿ ಪತ್ರ ಮಾವನವರ ಟ್ರಂಕಿನಲ್ಲಿತ್ತು, ಸಿಟಿ ಸರ್ವೆ ಉತಾರ ಪಂಚಾಂಗದ ನಡುವೆ, ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ವಾಟ್ನಿ ಪತ್ರ ಹಳೆಯ ಪೇಡೆದ ಡಬ್ಬಿಯಲ್ಲಿ. ಎಲ್ಲ ಒಂದು ಫೈಲಿಗೆ ಬಂದವು, ಫೋನಿನಲ್ಲಿ ಪ್ರತಿ ಉಳಿಯಿತು. ಹೋದ ವರ್ಷ ಮನೆಯ ಡಿಜಿಟಲ್ ದಾಖಲೆಯಾದ ಇ-ಖಾತೆಗೆ ಓಡಾಡುವಾಗ ನನ್ನ ಗಂಡ ಮೊದಲ ಸಲ ಆ 33,900ರ ಬಗ್ಗೆ ಗೊಣಗದೆ ಇದ್ದರು.

ಮಾವನವರ 'ಕಸ್ತೂರಿ' ಮಾಸಪತ್ರಿಕೆಯ ಕಟ್ಟುಗಳು ಮಾತ್ರ ಎಲ್ಲರಿಗೂ ಸಂಕಟ ತಂದವು. ವಾಚನಾಲಯವೊಂದಕ್ಕೆ ಕೊಡಿಸುತ್ತೇನೆ ಅಂತ ಆ ಹೆಣ್ಣುಮಗಳು ಅಂದಿದ್ದರು, ಅಲ್ಲಿ ಆಗಲೇ ಇವೆಯಂತೆ. ಅರ್ಧಕ್ಕೆ ಬೆಳ್ಳಿಹುಳ ಹತ್ತಿತ್ತು, ಅವು ರದ್ದಿಗೆ ಹೋದವು. ತೂಗುವಾಗ ಅತ್ತೆ ಒಳಗೆ ಹೋಗಿ ಕೂತರು. ಉಳಿದರ್ಧ ಈಗ ಪಡಸಾಲೆಯ ಕಪಾಟಿನಲ್ಲಿದೆ, ಮಧ್ಯಾಹ್ನ ಒಂದೊಂದೇ ತೆಗೆದು ಓದುತ್ತಾರೆ. ಅಟ್ಟದಲ್ಲಿದ್ದಾಗ ಇಪ್ಪತ್ತು ವರ್ಷ ಯಾರೂ ಮುಟ್ಟಿರಲಿಲ್ಲ. ಇನ್ನು ಹಳೆಯ ಡಬ್ಬಾ ಟಿವಿ: ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್‌ನಿಂದ ಬಂದಿದೆ, ಗುಜರಿಗೆ ಹಾಕಬೇಡಿ, ನಾನೇ ಒಯ್ಯುವವರನ್ನು ಕಳಿಸುತ್ತೇನೆ ಅಂದರು. ನಾಲ್ಕು ಸಲ ನೆನಪು ಮಾಡಿದೆ. ಟಿವಿ ಮೆಟ್ಟಿಲ ಕೆಳಗೇ ಇದೆ, ಮೇಲೆ ಬೆಕ್ಕು ಮಲಗುತ್ತದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಡಿಮೆ ಹಿಟ್ಟಿಗೆ, ಒಂದು ಕಡಿಮೆ ಆರು ದಿನ ಹಿಡಿದದ್ದಕ್ಕೆ. ನಾಲ್ಕರಲ್ಲಿ ಆಗುವ ಕೆಲಸವಿತ್ತು. ಕರೆಯುವುದಿದ್ದರೆ ಕಾಗದಪತ್ರಕ್ಕೆ ಮತ್ತು ಬಟ್ಟೆಗೆ ಕರೆಯಿರಿ, ಅಡುಗೆಮನೆ ನಿಮ್ಮ ಕೈಯಲ್ಲಿರಲಿ. ಹಿರಿಯರು ಮನೆಯಲ್ಲಿದ್ದರೆ ಅವರನ್ನು ಊರಿಗೆ ಕಳಿಸಿ ಗುಟ್ಟಾಗಿ ಮಾಡಿಸಬೇಡಿ. ನನಗೆ ಆ ಯೋಚನೆ ಬಂದಿತ್ತು, ಒಪ್ಪದವರು ಆ ಹೆಣ್ಣುಮಗಳೇ.

ಹೋದ ದಸರೆಗೆ ಲೆಕ್ಕ ಹಾಕಿದೆ. ಅಟ್ಟ ಮುಕ್ಕಾಲು ಖಾಲಿಯಾಗಿಯೇ ಇದೆ. ನಾಗೊಂದಿಯೂ ಸರಿ. ಮತ್ತೆ ತುಂಬಿದ್ದು ನನ್ನ ಕಪಾಟು: ಆನ್‌ಲೈನಿನ ಕುರ್ತಾ, 'ಬೇಕಾದೀತು' ಅಂತ ಮಡಚಿಟ್ಟ ರಟ್ಟಿನ ಪೆಟ್ಟಿಗೆ, ಹೋಟೆಲಿನಿಂದ ಬಂದ ಪ್ಲಾಸ್ಟಿಕ್ ಡಬ್ಬಿ. ಕಪಾಟಿನ ಬಾಗಿಲು ಹಾಕಲು ಮೊಣಕಾಲು ಕೊಟ್ಟು ಒತ್ತುತ್ತಿದ್ದಾಗ ಅತ್ತೆ ಕೌದಿ ಹೊದ್ದು ಮಲಗಿದಲ್ಲಿಂದಲೇ ಅಂದರು, "ಆ ಹುಡುಗಿಗೆ ಒಂದ ದಿನದ ಮಟ್ಟಿಗೆ ಬಾ ಅಂತ ಫೋನ್ ಹಚ್ಚು. ರೊಕ್ಕಾ ನಾ ಕೊಡ್ತೀನಿ."