ಗ್ರಾಂಟ್ ಹೆಸರಲ್ಲಿ ನನಗೆ ಬಿದ್ದ ಟೋಪಿ

ಅಮೆರಿಕದಲ್ಲಿರುವ, ಹಳೇ ಫೋಟೋ ಹುಚ್ಚಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಸಲಿ ಅಂತ ನಂಬಿ ಹಳೇ ಫೋಟೋ ಒಂದನ್ನು ಕೊಂಡು 380 ಡಾಲರ್ ಹೋಯಿತು. ಅದಕ್ಕಿಂತ ಜಾಸ್ತಿ, ಮಾವನವರ ಮುಂದೆ ಮರ್ಯಾದೆ ಹೋಯಿತು.

ನಾವಿರುವುದು ವರ್ಜೀನಿಯಾದ ರಿಚ್ಮಂಡ್ ಹತ್ತಿರ. ಹೋದ ಬೇಸಿಗೆಯಲ್ಲಿ ಹಾಸನದಿಂದ ಮಾವ ಬಂದಿದ್ದರು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು. ಅವರನ್ನು ಹೋಪ್‌ವೆಲ್ ಊರಿನ ಸಿಟಿ ಪಾಯಿಂಟ್‌ಗೆ ಕರೆದುಕೊಂಡು ಹೋದೆ. ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಕಾಲದಲ್ಲಿ, 1864ರ ಜೂನ್‌ನಿಂದ, ಉತ್ತರದ ಸೇನೆಯ ದಂಡನಾಯಕ ಜನರಲ್ ಗ್ರಾಂಟ್ ಬೀಡುಬಿಟ್ಟಿದ್ದ ಜಾಗ ಅದು. ಎರಡು ನದಿ ಕೂಡುವ ದಿಬ್ಬದ ಮೇಲಿದೆ. ಗ್ರಾಂಟ್ ಇದ್ದ ಮರದ ಮನೆ ಈಗಲೂ ಅಲ್ಲಿದೆ. ಮಾವ ಅಲ್ಲಿನ ಒಂದೊಂದು ಬೋರ್ಡನ್ನೂ ನಿಂತು ಓದಿದರು.

ವಾಪಸ್ ಬರುವಾಗ ದಾರಿಯಲ್ಲೊಂದು ಹಳೇ ಸಾಮಾನಿನ ಅಂಗಡಿ ಸಿಕ್ಕಿತು. ಒಳಗೆ ಹೋದರೆ ಗೋಡೆ ಮೇಲೆ ಗ್ರಾಂಟ್! ಕುದುರೆ ಮೇಲೆ ನೆಟ್ಟಗೆ ಕೂತಿದ್ದಾರೆ. ಹಿಂದೆ ಬಯಲಿನ ತುಂಬ ಜನ. ಕೆಳಗೆ ‘ಸಿಟಿ ಪಾಯಿಂಟ್‌ನಲ್ಲಿ ಜನರಲ್ ಗ್ರಾಂಟ್’ ಅಂತ ಬರೆದಿದೆ. ಅಂಗಡಿಯವನು “1864ರದ್ದೇ, ಅಸಲಿ” ಅಂದ. ಈಗ ತಾನೇ ಆ ಜಾಗ ನೋಡಿ ಬಂದಿದ್ದೇವೆ, ಮನಸ್ಸು ಕೇಳುತ್ತಾ? ಆದರೂ ನಾನು ಸಾಫ್ಟ್‌ವೇರ್‌ನವನಲ್ವಾ, ಚೆಕ್ ಮಾಡದೆ ಬಿಡುತ್ತೇನೆಯೇ? ಮುಖ ಹೋಲಿಸುವ ಆ್ಯಪ್ ಒಂದು ಫೋನಿನಲ್ಲಿತ್ತು. ಗ್ರಾಂಟ್ ಅವರ ಇನ್ನೊಂದು ಫೋಟೋ ಜೊತೆ ಇಟ್ಟು ನೋಡಿದೆ. ಇಬ್ಬರೂ ಒಬ್ಬರೇ ಅಂತ ಹಸಿರು ಟಿಕ್ ಬಂತು. ಕಾರ್ಡ್ ತೆಗೆದು ಕೊಟ್ಟೆ.

ರಾತ್ರಿ ಊಟ ಆದ ಮೇಲೆ ಮಾವ ಕನ್ನಡಕ ಹಾಕಿಕೊಂಡು ಅದರ ಮುಂದೆ ಬಹಳ ಹೊತ್ತು ನಿಂತರು.

“ಅಳಿಯಂದ್ರೇ, ಇವರು ಆಗ ಲೆಫ್ಟಿನೆಂಟ್ ಜನರಲ್ ಅಲ್ವಾ? ಹೆಗಲ ಮೇಲೆ ಮೂರು ನಕ್ಷತ್ರ ಇರಬೇಕಿತ್ತು. ಇಲ್ಲಿ ಕಾಣ್ತಿಲ್ಲವಲ್ಲ?”

“ಹಳೇ ಫೋಟೋ ಮಾವ, ಮಸುಕಾಗಿರುತ್ತೆ.”

“ಕತ್ತೂ ಯಾಕೋ ಸರಿಯಾಗಿ ಕೂತಿಲ್ಲ ನೋಡಿ. ನಮ್ಮಪ್ಪನ ಫೋಟೋದಲ್ಲೂ ಹಿಂಗೇ ಇತ್ತು.”

ಅವರ ಅಪ್ಪ ತೀರಿಕೊಂಡಾಗ ಮನೆಯಲ್ಲಿ ಒಂಟಿ ಫೋಟೋ ಇರಲಿಲ್ಲವಂತೆ. ಸ್ಟುಡಿಯೋದವನು ಮದುವೆಯ ಗ್ರೂಪ್ ಫೋಟೋದಿಂದ ತಲೆ ಕತ್ತರಿಸಿ, ಯಾರದೋ ಕೋಟಿನ ಮೇಲೆ ಕೂರಿಸಿ ಕೊಟ್ಟನಂತೆ. ಬದುಕಿದ್ದಷ್ಟು ದಿನ ಕೋಟು ಹಾಕದ ಮನುಷ್ಯ ಗೋಡೆ ಮೇಲೆ ಕೋಟಿನಲ್ಲೇ ಉಳಿದುಬಿಟ್ಟರು.

ನಾನು ನಕ್ಕು ಮಲಗಲು ಹೋದೆ. ನಿದ್ದೆ ಬರಲಿಲ್ಲ. ಎದ್ದು ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿ ಹುಡುಕಿದೆ. ಅದೇ ಚಿತ್ರ ಸಿಕ್ಕಿತು. ಜೊತೆಗೆ ಅದರ ಜಾತಕವೂ ಸಿಕ್ಕಿತು. ಅದು ಮೂರು ಫೋಟೋ ಸೇರಿಸಿ ಮಾಡಿದ್ದು. ತಲೆ ಮಾತ್ರ ಗ್ರಾಂಟ್ ಅವರದು. 1864ರ ಜೂನ್‌ನಲ್ಲಿ ಕೋಲ್ಡ್ ಹಾರ್ಬರ್‌ನಲ್ಲಿ ಡೇರೆ ಮುಂದೆ ಮರಕ್ಕೆ ಕೈಯಾನಿಸಿ ನಿಂತ ಫೋಟೋದಿಂದ ಎತ್ತಿದ್ದು. ಮೈ ಮತ್ತು ಕುದುರೆ ಅಲೆಕ್ಸಾಂಡರ್ ಮೆಕ್‌ಕುಕ್ ಅನ್ನುವ ಇನ್ನೊಬ್ಬ ಜನರಲ್‌ದು. ಹಿಂದಿನ ಜನ ಗ್ರಾಂಟ್ ಕಡೆಯ ಸೈನಿಕರೇ ಅಲ್ಲ, ಫಿಶರ್ಸ್ ಹಿಲ್ ಕದನದಲ್ಲಿ ಸೆರೆ ಸಿಕ್ಕ ಶತ್ರುಗಳು! ಹೀಗೆ ಅಂಟಿಸಿದವರು ಲೆವಿನ್ ಹ್ಯಾಂಡಿ, ಹೆಸರಾಂತ ಫೋಟೋಗ್ರಾಫರ್ ಮ್ಯಾಥ್ಯೂ ಬ್ರೇಡಿಯ ಹೆಂಡತಿ ಕಡೆಯವರು. ಕಾಲ 1902ರ ಸುಮಾರು. ಗ್ರಾಂಟ್ ತೀರಿಕೊಂಡಿದ್ದು 1885ರಲ್ಲಿ.

ಈಗ ಆ ಹಸಿರು ಟಿಕ್ ವಿಷಯ. ಆ್ಯಪ್ ಸುಳ್ಳು ಹೇಳಲಿಲ್ಲ. ಮುಖ ಗ್ರಾಂಟ್ ಅವರದೇ, ಹಾಗಾಗಿ ಮ್ಯಾಚ್ ಆಯಿತು. ನಾನು ಕೇಳಬೇಕಿದ್ದ ಪ್ರಶ್ನೆಯೇ ಬೇರೆ ಇತ್ತು. ಮುಖ ಯಾರದು ಅಂತ ಕೇಳಿದೆ, ಹೆಗಲು ಯಾರದು ಅಂತ ಕೇಳಲಿಲ್ಲ.

ಸರಿ, 1902ರದ್ದಾದರೂ ಹಳೇದೇ ತಾನೇ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಬೆಳಿಗ್ಗೆ ಫ್ರೇಮ್ ಬಿಚ್ಚಿ, ಅಕ್ಕಸಾಲಿಗರು ಇಟ್ಟುಕೊಳ್ಳುವಂಥ ಭೂತಗನ್ನಡಿ ಹಿಡಿದೆ. ಕುದುರೆಯ ಮೈ ತುಂಬ ಸಾಲು ಸಾಲು ಚುಕ್ಕಿ, ದಿನಪತ್ರಿಕೆ ಚಿತ್ರದಲ್ಲಿ ಇರುತ್ತದಲ್ಲ, ಹಾಗೆ. ಆ ಕಾಲದ ಫೋಟೋ ಕಾಗದದಲ್ಲಿ ಈ ಚುಕ್ಕಿ ಇರುವುದಿಲ್ಲ. ಪ್ರೆಸ್ಸಿನಲ್ಲಿ ಅಚ್ಚು ಹಾಕಿದ್ದಕ್ಕೆ ಮಾತ್ರ ಇರುತ್ತದೆ. ಅಂದರೆ ನನ್ನ ಕೈಲಿದ್ದದ್ದು ಪೋಸ್ಟರ್. ಅಸಲಿ ನೆಗೆಟಿವ್‌ನ ಸ್ಕ್ಯಾನ್ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ.

ಅಂಗಡಿಗೆ ವಾಪಸ್ ಹೋದೆ. ಅವನು ಜಗಳವನ್ನೇ ಆಡಲಿಲ್ಲ. ರಸೀದಿ ತೋರಿಸಿದ. ಅದರಲ್ಲಿ ಇದ್ದದ್ದು ಇಷ್ಟೇ: ‘ಗ್ರಾಂಟ್ ಚಿತ್ರ, ಫ್ರೇಮ್ ಸಹಿತ, ವಾಪಸ್ ಇಲ್ಲ.’ 1864 ಅನ್ನುವುದೂ ಇಲ್ಲ, ಅಸಲಿ ಅನ್ನುವುದೂ ಇಲ್ಲ. ಬಾಯಲ್ಲಿ ಹೇಳಿದ್ದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಅವತ್ತು ಗೋಡೆ ಮೇಲಿದ್ದ ಬಾಕಿ ಚಿತ್ರಗಳನ್ನೂ ನೋಡಿದೆ. ಒಂದು ನೋಡಿ ಮೈ ಉರಿಯಿತು. ಸಮವಸ್ತ್ರದಲ್ಲಿ ಸಾಲಾಗಿ ನಿಂತ ಕಪ್ಪು ಸೈನಿಕರು, ಕೆಳಗೆ ‘ಲೂಸಿಯಾನ ನೇಟಿವ್ ಗಾರ್ಡ್, 1861’. ಅದು ಆಗ ದಕ್ಷಿಣದ ಕಡೆಯಿದ್ದ ಒಂದು ಪಡೆಯ ಹೆಸರು. ಗುಲಾಮಗಿರಿ ಉಳಿಸಲು ಹೋರಾಡಿದ ದಕ್ಷಿಣದ ಕಡೆ ಕಪ್ಪು ಜನರೂ ಖುಷಿಯಿಂದ ಸೇರಿದ್ದರು ಅನ್ನಲು ಈ ಚಿತ್ರ ಹಂಚುತ್ತಾರೆ. ಅಸಲಿಗೆ ಅದು 1864ರ ಸುಮಾರಿಗೆ ಫಿಲಡೆಲ್ಫಿಯಾದಲ್ಲಿ ತೆಗೆದದ್ದು, ಅವರೆಲ್ಲ ಉತ್ತರದ ಸೈನಿಕರು. ಪಕ್ಕದಲ್ಲಿ ನಿಂತಿದ್ದ ಬಿಳಿಯ ಅಧಿಕಾರಿಯನ್ನು ಕತ್ತರಿಸಿ ತೆಗೆದು, ಸುಳ್ಳು ಹೆಸರು ಅಂಟಿಸಿದ್ದಾರೆ. ನನ್ನದು ದುಡ್ಡಿನ ನಷ್ಟ. ಇದು ಪಕ್ಷವನ್ನೇ ಬದಲಿಸುವ ಕೆಲಸ.

ಇನ್ನೊಂದು ಬುಟ್ಟಿಯಲ್ಲಿ ತಗಡಿನ ಫೋಟೋಗಳಿದ್ದವು, ಟಿನ್‌ಟೈಪ್ ಅಂತಾರಲ್ಲ, ಅವು. ಒಂದಕ್ಕೆ ‘ಎಡಗೈ ಬಂದೂಕುಗಾರ’ ಅಂತ ಚೀಟಿ. ಟಿನ್‌ಟೈಪ್ ಕನ್ನಡಿ ಥರ, ಎಡ ಬಲ ತಿರುಗಿಯೇ ಬರುತ್ತದೆ. ಅಮೆರಿಕದ ಹೆಸರಾಂತ ಬಂದೂಕುಗಾರ ಡಕಾಯಿತ ಬಿಲ್ಲಿ ದ ಕಿಡ್ ಎಡಚ ಅಂತ ಎಷ್ಟೋ ವರ್ಷ ನಂಬಿದ್ದು ಇಂಥದೇ ಒಂದು ತಗಡು ನೋಡಿ. ಅಂಗಿಯ ಗುಂಡಿ ಯಾವ ಕಡೆ ಇದೆ ಅಂತ ನೋಡಿದರೆ ಅರ್ಧ ಗುಟ್ಟು ಬಯಲಾಗುತ್ತದೆ. ಅಂಗಡಿಯವನಿಗೆ ಇದನ್ನು ಹೇಳಿದೆ. “ಹೌದಾ?” ಅಂದ. ಚೀಟಿ ತೆಗೆಯಲಿಲ್ಲ.

ಚಿತ್ರ ಈಗಲೂ ನಮ್ಮ ಮನೆಯ ಹಾಲ್‌ನಲ್ಲೇ ಇದೆ. ಮಾವ ಊರಿಗೆ ಹೊರಡುವ ಮುಂಚೆ ಅದರ ಕೆಳಗೆ ಒಂದು ಚೀಟಿ ಅಂಟಿಸಿ ಹೋಗಿದ್ದಾರೆ, ಮೇಷ್ಟ್ರ ದುಂಡು ಅಕ್ಷರದಲ್ಲಿ: ‘ಕುದುರೆ ಸವಾರಿ: ಮೆಕ್‌ಕುಕ್. ತಲೆ: ಗ್ರಾಂಟ್. ದುಡ್ಡು: ಅಳಿಯಂದಿರದು.’